ಪ್ರಿಂಟ್ ಒತ್ತಿದರೂ ಹಾಳೆ ಬರದಿದ್ದರೆ: ಇಂಕ್‌ಜೆಟ್ ಪ್ರಿಂಟರಿನ ತೊಂದರೆ ಹುಡುಕುವ ದಾರಿ

ಪ್ರಿಂಟ್ ಅಂತ ಒತ್ತಿದಿರಿ, ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಿರಿ, ಆಗಲೂ ಇಲ್ಲ. ಈಗ ಒಂದೇ ಕಾಗದದ ಎರಡು ಪ್ರತಿ ಒಳಗೆಲ್ಲೋ ಸಾಲಾಗಿ ನಿಂತಿವೆ. ಪ್ರಿಂಟರ್ ಮಾತ್ರ ದೀಪ ಹಚ್ಚಿಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಕೂತಿದೆ.

ಇಂಥ ಹೊತ್ತಲ್ಲಿ ಹೆಚ್ಚಿನವರ ಕೈ ಎರಡೇ ಕಡೆ ಹೋಗುತ್ತದೆ. ಒಂದೋ ಡ್ರೈವರ್ (ಪ್ರಿಂಟರ್ ನಡೆಸಲು ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್) ಕಿತ್ತುಹಾಕಿ ಮತ್ತೆ ಹಾಕುತ್ತಾರೆ, ಇಲ್ಲ ಹೆಡ್ ಕ್ಲೀನಿಂಗ್, ಅಂದರೆ ಇಂಕು ಚಿಮ್ಮುವ ಭಾಗವನ್ನು ಪ್ರಿಂಟರೇ ತೊಳೆದುಕೊಳ್ಳುವ ಆಯ್ಕೆ, ಒತ್ತುತ್ತಲೇ ಹೋಗುತ್ತಾರೆ. ಮೊದಲನೆಯದರಲ್ಲಿ ಹೊತ್ತು ಹಾಳು. ಎರಡನೆಯದರಲ್ಲಿ ಇಂಕೂ ಹಾಳು, ಒಮ್ಮೊಮ್ಮೆ ಪ್ರಿಂಟರೂ ಹಾಳು. ಎರಡೂ ಕೆಲವು ಸಲ ಬೇಕಾಗುವ ಕೆಲಸಗಳೇ. ಆದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುವ ಮೊದಲೇ ಮಾಡಿದರೆ ಕತ್ತಲಲ್ಲಿ ಕೈಯಾಡಿಸಿದ ಹಾಗೆಯೇ.

ಹಾಗಾಗಿ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ. ಕಂಪ್ಯೂಟರ್, ಫೋನು, ವೈಫೈ ಎಲ್ಲವನ್ನೂ ಪಕ್ಕಕ್ಕಿಟ್ಟರೆ, ಪ್ರಿಂಟರ್ ತನ್ನಷ್ಟಕ್ಕೆ ತಾನು ಒಂದು ಹಾಳೆ ಪ್ರಿಂಟ್ ಮಾಡುತ್ತದಾ?

ಬಹುತೇಕ ಎಲ್ಲ ಇಂಕ್‌ಜೆಟ್‌ಗಳಲ್ಲೂ ಇದಕ್ಕೊಂದು ದಾರಿ ಇರುತ್ತದೆ. ಪುಟ್ಟ ಪರದೆ ಇದ್ದರೆ ಸೆಟಪ್ ಅಥವಾ ಮೇಂಟೆನೆನ್ಸ್ ಮೆನುವಿನಲ್ಲಿ ನಾಝಲ್ ಚೆಕ್ ಅಂತಲೋ ಪ್ರಿಂಟ್ ಕ್ವಾಲಿಟಿ ರಿಪೋರ್ಟ್ ಅಂತಲೋ ಸಿಗುತ್ತದೆ. ಪರದೆ ಇಲ್ಲದ ಮಾದರಿಗಳಲ್ಲಿ ಬಟನ್‌ಗಳ ಜೋಡಿ ಇರುತ್ತದೆ. ಕೆಲವದರಲ್ಲಿ ಪ್ರಿಂಟರ್ ಆಫ್ ಮಾಡಿ, ಒಂದು ಬಟನ್ ಒತ್ತಿ ಹಿಡಿದೇ ಪವರ್ ಆನ್ ಮಾಡಬೇಕು. ಯಾವ ಬಟನ್ ಅನ್ನೋದು ಮಾದರಿಯಿಂದ ಮಾದರಿಗೆ ಬೇರೆ, ಅದಕ್ಕೆ ಕೈಪಿಡಿ ನೋಡಲೇಬೇಕು. ಸ್ಕ್ಯಾನರ್ ಇರುವ ಪ್ರಿಂಟರ್ ಆದರೆ ಅದೂ ಬೇಡ. ದಪ್ಪ ಅಕ್ಷರ ಇರುವ ಯಾವುದಾದರೂ ಕಾಗದವನ್ನು ಗಾಜಿನ ಮೇಲೆ ಮುಖ ಕೆಳಗಾಗಿ ಇಟ್ಟು ಕಾಪಿ ಒತ್ತಿ.

ಈಗ ಮೂರರಲ್ಲಿ ಒಂದು ಆಗುತ್ತದೆ. ಹಾಳೆ ಚೆನ್ನಾಗಿ ಬಂತು ಅಂದರೆ ಪ್ರಿಂಟರ್ ಆರೋಗ್ಯವಾಗಿದೆ, ತಪ್ಪು ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಕಡೆ. ಹಾಳೆ ಓಡಿತು, ಆದರೆ ಬೆಳ್ಳಗೆ ಬಂತು ಅಥವಾ ಗೆರೆಗೆರೆಯಾಗಿ ಬಂತು ಅಂದರೆ ಇಂಕಿನ ದಾರಿಯಲ್ಲಿ ಅಡಚಣೆ. ಹಾಳೆಯೇ ಓಡಲಿಲ್ಲ, ದೀಪ ಮಿನುಗಿತು, ಕಟಕಟ ಸದ್ದು ಬಂತು ಅಂದರೆ ಕಾಗದ ಇಲ್ಲವೇ ಯಂತ್ರದ ಭಾಗದ ತೊಂದರೆ. ಎರಡು ನಿಮಿಷದ ಈ ಪರೀಕ್ಷೆ ಮಾಡಿದರೆ ಹುಡುಕಾಟದ ಮುಕ್ಕಾಲು ಪಾಲು ಮುಗಿದಂತೆ. ಜನ ಇದನ್ನು ಬಿಟ್ಟು ಬೇರೆಲ್ಲ ಮಾಡುತ್ತಾರೆ!

ಪ್ರಿಂಟರ್ ಸರಿ ಇದೆ, ಕಂಪ್ಯೂಟರ್ ಮಾತು ಕೇಳುತ್ತಿಲ್ಲ

ಕಂಪ್ಯೂಟರ್ ನಿಮ್ಮ ಕಾಗದವನ್ನು ನೇರವಾಗಿ ಪ್ರಿಂಟರಿಗೆ ಕೊಡುವುದಿಲ್ಲ. ಮೊದಲು ಒಂದು ಕ್ಯೂಗೆ ಹಾಕುತ್ತದೆ. ವಿಂಡೋಸ್‌ನಲ್ಲಿ ಈ ಕ್ಯೂ ನೋಡಿಕೊಳ್ಳುವ ಕೆಲಸ ಪ್ರಿಂಟ್ ಸ್ಪೂಲರ್ ಅನ್ನುವ ಸೇವೆಯದು. ಸಾಲಿನ ಮುಂದಿರುವ ಒಂದು ಕೆಲಸ ಕೆಟ್ಟು ನಿಂತರೆ ಹಿಂದಿನ ಎಲ್ಲವೂ ನಿಲ್ಲುತ್ತವೆ. ನೀವು ಹತ್ತು ಸಲ ಪ್ರಿಂಟ್ ಒತ್ತಿದರೆ ಸಾಲು ಉದ್ದ ಆಗುತ್ತದೆ ಅಷ್ಟೇ.

ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಮತ್ತು ಸ್ಕ್ಯಾನರ್ಸ್ ತೆರೆದು, ನಿಮ್ಮ ಪ್ರಿಂಟರ್ ಆರಿಸಿ ಕ್ಯೂ ನೋಡಿ. ಅಲ್ಲಿರುವುದನ್ನೆಲ್ಲ ಕ್ಯಾನ್ಸಲ್ ಮಾಡಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕೆಲವೊಮ್ಮೆ ಮೊದಲನೆಯ ಕೆಲಸ ‘ಡಿಲೀಟಿಂಗ್’ ಅಂತ ತೋರಿಸಿಕೊಂಡು ಹೋಗದೆ ಹಟ ಹಿಡಿಯುತ್ತದೆ. ಆಗ ಸರ್ವೀಸಸ್ ಅನ್ನು ತೆರೆದು ಪ್ರಿಂಟ್ ಸ್ಪೂಲರನ್ನು ಸ್ಟಾಪ್ ಮಾಡಬೇಕು. ಆಮೇಲೆ ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅಂತ ಒಂದು ಫೋಲ್ಡರ್ ಇದೆ. ಅದರೊಳಗಿನ ಫೈಲುಗಳನ್ನು ಅಳಿಸಿ. ಫೋಲ್ಡರನ್ನು ಮುಟ್ಟಬೇಡಿ, ಒಳಗಿರುವ ಫೈಲುಗಳನ್ನು ಮಾತ್ರ. ನಂತರ ಸ್ಪೂಲರನ್ನು ಮತ್ತೆ ಸ್ಟಾರ್ಟ್ ಮಾಡಿ. ಕಂಪ್ಯೂಟರನ್ನು ಸುಮ್ನೆ ರೀಸ್ಟಾರ್ಟ್ ಮಾಡಿದರೆ ಈ ಹಟಮಾರಿ ಕೆಲಸ ಹೋಗದೆ ಉಳಿಯುವುದೂ ಉಂಟು, ಯಾಕಂದರೆ ಆ ಫೈಲು ಡಿಸ್ಕಿನ ಮೇಲೆಯೇ ಇರುತ್ತದೆ. ಮ್ಯಾಕ್‌ನಲ್ಲಿ ಪ್ರಿಂಟರುಗಳ ಪಟ್ಟಿಯ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಪ್ರಿಂಟಿಂಗ್ ವ್ಯವಸ್ಥೆಯನ್ನೇ ರೀಸೆಟ್ ಮಾಡುವ ಆಯ್ಕೆ ಸಿಗುತ್ತದೆ. ಅದು ಪಟ್ಟಿಯಲ್ಲಿರುವ ಎಲ್ಲ ಪ್ರಿಂಟರುಗಳನ್ನೂ ತೆಗೆದುಹಾಕುತ್ತದೆ, ಆಮೇಲೆ ಒಂದೊಂದಾಗಿ ಸೇರಿಸಿಕೊಳ್ಳಬೇಕು.

ಇನ್ನೊಂದು ಸಾಮಾನ್ಯ ಎಡವಟ್ಟು ಅಂದರೆ ತಪ್ಪು ಪ್ರಿಂಟರಿಗೆ ಕಳಿಸುವುದು. ಕೊನೆಯ ಸಲ ಬಳಸಿದ ಪ್ರಿಂಟರನ್ನೇ ಡೀಫಾಲ್ಟ್ ಮಾಡಿಕೊಳ್ಳುವ ಅಭ್ಯಾಸ ವಿಂಡೋಸ್‌ಗಿದೆ. ಮೊನ್ನೆ ನೀವು ಏನನ್ನೋ ಪಿಡಿಎಫ್ ಆಗಿ ಉಳಿಸಿದ್ದರೆ ಇವತ್ತಿನ ಕಾಗದವೂ ಆ ಕಡೆಗೇ ಹೋಗಬಹುದು. ಯುಎಸ್‌ಬಿ ತಂತಿಯನ್ನು ಒಂದು ಪೋರ್ಟಿನಿಂದ ಕಿತ್ತು ಇನ್ನೊಂದಕ್ಕೆ ಹಾಕಿದರೆ, ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂದುಕೊಂಡು ‘ಕಾಪಿ 1’ ಅಂತ ಇನ್ನೊಂದು ಹೆಸರು ಸೇರಿಸುವುದುಂಟು. ಹಳೆಯ ಹೆಸರು ಆಫ್‌ಲೈನ್ ಆಗಿ ಬಿದ್ದಿರುತ್ತದೆ, ನೀವು ಅದಕ್ಕೇ ಕಳಿಸುತ್ತಿರುತ್ತೀರಿ. ಪಟ್ಟಿಯಲ್ಲಿ ಒಂದೇ ಪ್ರಿಂಟರ್ ಎರಡು ಸಲ ಕಂಡರೆ ಮಸುಕಾಗಿ ಕಾಣುವುದನ್ನು ತೆಗೆದುಬಿಡಿ. ಪಾಝ್ (ತಡೆದು ನಿಲ್ಲಿಸುವ) ಅಥವಾ ಆಫ್‌ಲೈನ್ ಬಳಕೆಯ ಆಯ್ಕೆಗೆ ಟಿಕ್ ಬಿದ್ದಿದೆಯಾ ಅಂತಲೂ ಕ್ಯೂ ಕಿಟಕಿಯಲ್ಲಿ ಒಮ್ಮೆ ನೋಡಿ.

ವೈಫೈ ಪ್ರಿಂಟರ್ ಆಗಿದ್ದರೆ ಮಾತು ಸ್ವಲ್ಪ ಉದ್ದ. ಮನೆಯ ರೂಟರ್ ಪ್ರತಿಯೊಂದು ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ, ಅದೂ ಬಾಡಿಗೆಗೆ ಕೊಟ್ಟಂತೆ, ಒಂದು ಅವಧಿಗೆ ಮಾತ್ರ. ಕರೆಂಟ್ ಹೋಗಿ ಬಂತು, ರೂಟರ್ ರೀಸ್ಟಾರ್ಟ್ ಆಯಿತು, ಪ್ರಿಂಟರಿಗೆ ಹೊಸ ವಿಳಾಸ ಸಿಕ್ಕಿತು. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸಕ್ಕೇ ಕಳಿಸುತ್ತಾ ‘ಆಫ್‌ಲೈನ್’ ಅನ್ನುತ್ತದೆ.

ಇದನ್ನು ಪತ್ತೆ ಮಾಡೋಕೆ ಒಂದು ಒಳ್ಳೆಯ ಉಪಾಯ ಇದೆ. ಪ್ರಿಂಟರಿನ ಪರದೆಯಲ್ಲೋ ಅದು ಕೊಡುವ ನೆಟ್‌ವರ್ಕ್ ಹಾಳೆಯಲ್ಲೋ ಅದರ ಈಗಿನ ಐಪಿ ವಿಳಾಸ ನೋಡಿಕೊಳ್ಳಿ. 192.168 ಅಂತ ಶುರುವಾಗುವ ಸಂಖ್ಯೆ ಇರಬಹುದು. ಅದನ್ನು ಹಾಗೇ ಕಂಪ್ಯೂಟರಿನ ಬ್ರೌಸರಿನಲ್ಲಿ ಟೈಪ್ ಮಾಡಿ. ಮನೆಯ ಬಹುತೇಕ ವೈಫೈ ಪ್ರಿಂಟರುಗಳೊಳಗೆ ಒಂದು ಪುಟ್ಟ ವೆಬ್ ಪುಟ ಇರುತ್ತದೆ. ಅದು ತೆರೆದುಕೊಂಡರೆ ನೆಟ್‌ವರ್ಕ್ ಸರಿ ಇದೆ ಅಂತ ಅರ್ಥ. ಕಂಪ್ಯೂಟರಿನಿಂದ ಪ್ರಿಂಟರನ್ನು ತೆಗೆದು ಮತ್ತೆ ಸೇರಿಸಿದರೆ ಸಾಕು. ಇದೇ ತೊಂದರೆ ಮತ್ತೆಮತ್ತೆ ಬರುತ್ತಿದ್ದರೆ ರೂಟರಿನ ಸೆಟ್ಟಿಂಗ್‌ನಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯಂ ಆಗಿ ಕಾದಿರಿಸಿ.

ಪುಟ ತೆರೆಯದಿದ್ದರೆ ಇವೆರಡೂ ಒಂದೇ ನೆಟ್‌ವರ್ಕಿನಲ್ಲಿ ಇಲ್ಲ, ಅಥವಾ ನಡುವೆ ಏನೋ ಗೋಡೆ ಇದೆ. ಪ್ರಿಂಟರ್ ಒಂದು ವೈಫೈ ಹೆಸರಿಗೂ ಲ್ಯಾಪ್‌ಟಾಪ್ ಗೆಸ್ಟ್ ವೈಫೈಗೂ ಸೇರಿಕೊಂಡಿರಬಹುದು. ಗೆಸ್ಟ್ ನೆಟ್‌ವರ್ಕಿನಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ತಡೆ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಕಚೇರಿಯ ವಿಪಿಎನ್ ಚಾಲೂ ಇದ್ದರೂ ಹೀಗೇ ಆಗಬಹುದು. ಇನ್ನು ಮನೆ ಬಳಕೆಯ ಅನೇಕ ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಹೊಸ ರೂಟರ್ ತಂದ ದಿನದಿಂದ ಪ್ರಿಂಟರ್ ನಿಂತಿದ್ದರೆ ಮೊದಲ ಅನುಮಾನ ಇದರ ಮೇಲೆ, ಎರಡನೆಯದು ಬದಲಾದ ಪಾಸ್‌ವರ್ಡ್ ಮೇಲೆ. ಫೋನಿನಿಂದ ಪ್ರಿಂಟ್ ಬರುತ್ತೆ, ಲ್ಯಾಪ್‌ಟಾಪಿನಿಂದ ಬರಲ್ಲ ಅಂದರೆ ಪ್ರಿಂಟರನ್ನೂ ರೂಟರನ್ನೂ ಬಿಟ್ಟುಬಿಡಿ, ಲ್ಯಾಪ್‌ಟಾಪನ್ನು ಹಿಡಿಯಿರಿ. ಡ್ರೈವರ್ ಕಿತ್ತು ಹಾಕುವ ಕೆಲಸಕ್ಕೆ ಈಗ ಅರ್ಥ ಬಂತು ನೋಡಿ.

ಕಾಗದ

ಇದನ್ನು ಬೇಗ ಮುಗಿಸೋಣ. ಸಿಕ್ಕಿಕೊಂಡ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ಸಾಗುವ ದಿಕ್ಕಿನಲ್ಲೇ, ನಿಧಾನಕ್ಕೆ ಎಳೆಯಿರಿ. ಹರಿದರೆ ತುಂಡೆಲ್ಲ ಸಿಕ್ಕಿತಾ ಅಂತ ಜೋಡಿಸಿ ನೋಡಿ. ಉಗುರಿನಷ್ಟು ಚೂರು ಒಳಗುಳಿದರೂ ಜಾಮ್ ಅಂತಲೇ ಹೇಳುತ್ತಿರುತ್ತದೆ. ಹಿಂಬದಿಯ ಮುಚ್ಚಳ ತೆಗೆಯಲು ಬಂದರೆ ಅಲ್ಲಿ ಟಾರ್ಚ್ ಬಿಟ್ಟು ನೋಡಿ.

ಹಾಳೆ ಎಳೆದುಕೊಳ್ಳುವ ಸದ್ದು ಬರುತ್ತದೆ, ಹಾಳೆ ಬರುವುದಿಲ್ಲ ಅಂದರೆ ರಬ್ಬರ್ ರೋಲರಿನ ಮೇಲೆ ಕಾಗದದ ಧೂಳು ಕೂತು ಹಿಡಿತ ಹೋಗಿದೆ. ನೀರಲ್ಲಿ ತೇವ ಮಾಡಿ ಹಿಂಡಿದ, ನೂಲು ಬಿಡದ ಬಟ್ಟೆಯಿಂದ ರೋಲರನ್ನು ಸುತ್ತಲೂ ಒರೆಸಿ ಒಣಗಲು ಬಿಡಿ. ತೇವ ಹೀರಿ ಅಂಟಿಕೊಂಡ ಹಾಳೆಗಳು, ತುಂಬಿ ತುಳುಕುವ ಟ್ರೇ, ಬಿಗಿಯಾಗಿ ಒತ್ತಿದ ಬದಿಯ ಗೈಡುಗಳು ಕೂಡ ಇದೇ ಕಾಟ ಕೊಡುತ್ತವೆ. ಟ್ರೇಯಲ್ಲಿ ಎ4 ಇದ್ದು, ಕಂಪ್ಯೂಟರಿನಲ್ಲಿ ಲೆಟರ್ ಅಂತ ಆಯ್ಕೆ ಆಗಿದ್ದರೆ ಕೆಲವು ಪ್ರಿಂಟರುಗಳು ಸರಿಯಾದ ಕಾಗದ ಹಾಕಿ ಅಂತ ದೀಪ ಮಿನುಗಿಸುತ್ತಾ ಕಾಯುತ್ತಲೇ ಇರುತ್ತವೆ. ಕೆಟ್ಟಿದೆ ಅಂದುಕೊಂಡ ಎಷ್ಟೋ ಪ್ರಿಂಟರುಗಳ ಕಥೆ ಇಷ್ಟೇ.

ಹಾಳೆ ಬೆಳ್ಳಗೆ ಬಂದರೆ

ಇಲ್ಲಿ ಸ್ವಲ್ಪ ನಿಲ್ಲೋಣ. ಒಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಏನು ಮಾಡಬಾರದು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಪ್ರಿಂಟ್ ಹೆಡ್‌ನ ಕೆಳಮುಖದಲ್ಲಿ ನೂರಾರು ತೂತುಗಳಿವೆ. ಇವೇ ನಾಝಲ್‌ಗಳು. ಪ್ರತಿಯೊಂದೂ ತಲೆಕೂದಲಿಗಿಂತ ಸಣ್ಣದು. ಅದರಿಂದ ಹಾರುವ ಹನಿಯ ಗಾತ್ರ ಕೆಲವೇ ಪಿಕೋಲೀಟರ್. ಒಂದು ಪಿಕೋಲೀಟರ್ ಅಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಈ ಹನಿಯನ್ನು ಹೊರಗೆ ಚಿಮ್ಮಿಸಲು ಎರಡು ವಿಧಾನಗಳಿವೆ. ಕ್ಯಾನನ್ ಮತ್ತು ಎಚ್‌ಪಿಯ ಮನೆ ಪ್ರಿಂಟರುಗಳಲ್ಲಿ ನಾಝಲ್ ಹಿಂದೆ ಒಂದು ಪುಟ್ಟ ಹೀಟರ್ ಇರುತ್ತದೆ. ಅದು ಕಣ್ಣು ಮಿಟುಕಿಸುವುದರೊಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ, ಇಂಕಿನಲ್ಲಿ ಗುಳ್ಳೆ ಏಳುತ್ತದೆ, ಆ ಗುಳ್ಳೆ ಹನಿಯನ್ನು ಹೊರದೂಡುತ್ತದೆ. 1977ರಲ್ಲಿ ಕ್ಯಾನನ್‌ನ ಇಚಿರೋ ಎಂಡೋ ಅವರ ಪ್ರಯೋಗಾಲಯದಲ್ಲಿ ಕಾದ ಸೋಲ್ಡರಿಂಗ್ ಕಡ್ಡಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ ಇಂಕು ಚಿಮ್ಮಿತಂತೆ, ಅಲ್ಲಿಂದ ಹುಟ್ಟಿದ್ದು ಈ ವಿಧಾನ. ಎಪ್ಸನ್ ಮತ್ತು ಬ್ರದರ್ ಬೇರೆ ದಾರಿ ಹಿಡಿದವು. ಅವುಗಳಲ್ಲಿ ಬಿಸಿ ಇಲ್ಲ. ವಿದ್ಯುತ್ ಕೊಟ್ಟಾಗ ಬಾಗುವ ಪೀಜೋ ಹರಳು ಇಂಕನ್ನು ಒತ್ತಿ ದೂಡುತ್ತದೆ.

ಇಂಕಿನಲ್ಲಿ ಹೆಚ್ಚಿನ ಪಾಲು ನೀರೇ. ಬೇಗ ಒಣಗದಿರಲಿ ಅಂತ ಗ್ಲಿಸರಿನ್, ಗ್ಲೈಕಾಲ್ ಥರದ ವಸ್ತು ಸೇರಿಸಿರುತ್ತಾರೆ. ಆದರೂ ಇಷ್ಟು ಸಣ್ಣ ತೂತಿನ ಬಾಯಲ್ಲಿ ಇಂಕು ಗಾಳಿಗೆ ತೆರೆದು ನಿಂತರೆ ಒಣಗದೆ ಇರುತ್ತದಾ? ಅದಕ್ಕೇ ಕೆಲಸ ಮುಗಿದ ಮೇಲೆ ಹೆಡ್ ಬಲತುದಿಗೋ ಎಡತುದಿಗೋ ಹೋಗಿ ಒಂದು ರಬ್ಬರ್ ಬಟ್ಟಲಿನ ಮೇಲೆ ಕೂರುತ್ತದೆ. ಪೆನ್ನಿಗೆ ಮುಚ್ಚಳ ಇದ್ದ ಹಾಗೆ. ಪ್ರಿಂಟರಿನ ಸ್ವಂತ ಪವರ್ ಬಟನ್ ಒತ್ತಿ ಆಫ್ ಮಾಡಿದರೆ ಅದು ಈ ಮುಚ್ಚಳ ಹಾಕಿಕೊಂಡೇ ಮಲಗುತ್ತದೆ. ಕೆಲಸದ ನಡುವೆ ಗೋಡೆಯ ಸ್ವಿಚ್ ಆಫ್ ಮಾಡಿದರೆ ಹೆಡ್ ನಡುದಾರಿಯಲ್ಲೇ ಬಾಯಿ ತೆರೆದು ನಿಂತುಬಿಡುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹೆಡ್ ಕಟ್ಟಿಕೊಳ್ಳುವುದು ಖಂಡಿತ. ಬಹಳ ದಿನ ಬಳಸದೆ ಇಟ್ಟರೂ ಅಷ್ಟೇ, ನಿಧಾನಕ್ಕೆ. ವಾರಕ್ಕೊಂದು ಬಣ್ಣದ ಹಾಳೆ ತೆಗೆದರೆ ಎಲ್ಲ ನಾಝಲ್‌ಗಳೂ ತೇವವಾಗಿರುತ್ತವೆ. ನನ್ನ ಮಟ್ಟಿಗೆ, ವರ್ಷಕ್ಕೆ ನಾಲ್ಕು ಸಲ ಮಾತ್ರ ಪ್ರಿಂಟ್ ಬೇಕಾಗುವ ಮನೆಗೆ ಇಂಕ್‌ಜೆಟ್ ಒಳ್ಳೆಯ ಆಯ್ಕೆಯೇ ಅಲ್ಲ. ಆದರೆ ಕೊಂಡಾಗಿದೆ, ಏನು ಮಾಡೋದು.

ಈಗ ನಾಝಲ್ ಚೆಕ್ ಹಾಳೆಯನ್ನು ಕೈಗೆತ್ತಿಕೊಳ್ಳಿ. ಎಪ್ಸನ್ ಥರದ ಪ್ರಿಂಟರುಗಳಲ್ಲಿ ಪ್ರತಿ ಬಣ್ಣಕ್ಕೂ ಮೆಟ್ಟಿಲು ಮೆಟ್ಟಿಲಾದ ಸಣ್ಣ ಗೆರೆಗಳಿರುತ್ತವೆ. ಒಂದೊಂದು ಗೆರೆಯೂ ಒಂದೊಂದು ನಾಝಲ್‌ನ ಹಾಜರಿ. ಗೆರೆ ಇಲ್ಲ ಅಂದರೆ ಆ ನಾಝಲ್ ಗೈರುಹಾಜರು. ಹಳದಿ ಗೆರೆಗಳು ಬಿಳಿ ಹಾಳೆಯ ಮೇಲೆ ಕಾಣುವುದೇ ಕಷ್ಟ. ಕಿಟಕಿಯ ಬೆಳಕಿಗೆ ಹಾಳೆ ಓರೆ ಹಿಡಿದು ನೋಡಿ. ಹಳದಿ ಹೋಗಿದೆ ಅಂತ ಗಾಬರಿಪಟ್ಟವರಲ್ಲಿ ಅರ್ಧ ಜನ ಅದನ್ನು ಸರಿಯಾಗಿ ನೋಡಿರುವುದಿಲ್ಲ.

ಇಲ್ಲಿ ನಾನು ಎಲ್ಲರಿಗೂ ಹೇಳುವುದು, ಕ್ಲೀನಿಂಗ್ ಮಾಡದೆಯೇ ನಾಝಲ್ ಚೆಕ್ಕನ್ನು ಇನ್ನೊಂದು ಸಲ ತೆಗೆಯಿರಿ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಡಿ. ಎರಡರಲ್ಲೂ ಅದೇ ಜಾಗದಲ್ಲಿ ಗೆರೆ ಕಾಣೆಯಾಗಿದ್ದರೆ ಅಲ್ಲಿ ಇಂಕ್ ಒಣಗಿ ಕಟ್ಟಿದೆ. ಮೊದಲ ಹಾಳೆಯಲ್ಲಿ ಒಂದು ಕಡೆ, ಎರಡನೆಯದರಲ್ಲಿ ಇನ್ನೊಂದು ಕಡೆ ಖಾಲಿ ಇದ್ದರೆ ಕಟ್ಟಿದ್ದಲ್ಲ, ಒಳಗೆ ಗಾಳಿ ಸೇರಿದೆ ಅಥವಾ ಇಂಕು ಸರಿಯಾಗಿ ಹರಿದು ಬರುತ್ತಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಕ್ಲೀನಿಂಗ್ ಮಾಡಿದಷ್ಟೂ ಹಾಳೆ ಇನ್ನಷ್ಟು ಕೆಡುತ್ತಾ ಹೋದರೆ ಅದೂ ಗಾಳಿಯ ಕಡೆಗೇ ಬೆರಳು ತೋರಿಸುತ್ತದೆ.

ಗಾಳಿಯದಾದರೆ ಇಂಕು ಬರುವ ದಾರಿಯನ್ನು ನೋಡಬೇಕು. ಹೊಸ ಕಾರ್ಟ್ರಿಜ್ ಹಾಕಿದ ಕೂಡಲೇ ಶುರುವಾಗಿದ್ದರೆ ಅದರ ಮೇಲಿನ ಬಣ್ಣದ ಟೇಪ್ ಪೂರ್ತಿ ಕಿತ್ತಿದ್ದೀರಾ ನೋಡಿ. ಇಂಕು ಹೊರಗೆ ಹೋದಷ್ಟು ಗಾಳಿ ಒಳಗೆ ಬರಲು ಒಂದು ಸಣ್ಣ ಕಿಂಡಿ ಇರುತ್ತದೆ, ಟೇಪ್ ಅದನ್ನು ಮುಚ್ಚಿರುತ್ತದೆ. ಅದು ಮುಚ್ಚಿದ್ದರೆ ಕೆಲವು ಹಾಳೆ ಚೆನ್ನಾಗಿ ಬಂದು ಆಮೇಲೆ ಬಣ್ಣ ತೆಳುವಾಗುತ್ತಾ ನಿಂತುಹೋಗುತ್ತದೆ. ಟ್ಯಾಂಕಿನ ಪ್ರಿಂಟರ್ ಆದರೆ ಇಂಕು ಕೆಳಗಿನ ಗೆರೆಗಿಂತ ಇಳಿದಿದೆಯಾ ನೋಡಿ. ಗೆರೆಗಿಂತ ಕೆಳಗೆ ಓಡಿಸಿದರೆ ಕೊಳವೆಗೆ ಗಾಳಿ ಹೊಕ್ಕುತ್ತದೆ. ಮುಚ್ಚಳ ಎತ್ತಿ ಹೆಡ್‌ಗೆ ಹೋಗುವ ತೆಳು ಕೊಳವೆಗಳನ್ನು ನೋಡಿದರೆ ಬಣ್ಣದ ನಡುವೆ ಖಾಲಿ ತುಣುಕುಗಳು ಕಣ್ಣಿಗೇ ಕಾಣುತ್ತವೆ. ಕೆಲವು ಹಳೆಯ ಟ್ಯಾಂಕ್ ಮಾದರಿಗಳಲ್ಲಿ ಸಾಗಿಸುವಾಗ ಇಂಕು ಚೆಲ್ಲದಿರಲಿ ಅಂತ ಒಂದು ಲಾಕ್ ಇದೆ. ಮನೆ ಬದಲಿಸಿದ ಮೇಲೆ ಅದನ್ನು ತೆರೆಯಲು ಮರೆತರೆ ಇಂಕು ಹರಿಯುವುದೇ ಇಲ್ಲ.

ಕೊಳವೆಯ ಗಾಳಿ ತೆಗೆಯಲು ಪವರ್ ಕ್ಲೀನಿಂಗ್ ಅಥವಾ ಸಿಸ್ಟಮ್ ಕ್ಲೀನಿಂಗ್ ಅಂತ ಒಂದು ಭಾರಿ ಪ್ರಕ್ರಿಯೆ ಇರುತ್ತದೆ. ಅದು ಕೊಳವೆಯಲ್ಲಿರುವ ಇಂಕನ್ನೇ ಎಳೆದು ಹೊರಹಾಕಿ ಹೊಸದನ್ನು ತುಂಬುತ್ತದೆ. ಎಪ್ಸನ್ ಕೈಪಿಡಿ ಪ್ರಕಾರ ಟ್ಯಾಂಕುಗಳಲ್ಲಿ ಕನಿಷ್ಠ ಮೂರನೇ ಒಂದು ಪಾಲು ಇಂಕು ಇದ್ದಾಗ ಮಾತ್ರ ಇದನ್ನು ಮಾಡಬೇಕು. ಕಮ್ಮಿ ಇದ್ದಾಗ ಮಾಡಿದರೆ ಇನ್ನಷ್ಟು ಗಾಳಿ ಎಳೆದುಕೊಳ್ಳುತ್ತದೆ, ಇದ್ದ ತೊಂದರೆ ದುಪ್ಪಟ್ಟು.

ಒಣಗಿ ಕಟ್ಟಿದ್ದಾದರೆ ತಾಳ್ಮೆಯೇ ಮುಖ್ಯ. ಒಂದು ಸಲ ಸಾಮಾನ್ಯ ಕ್ಲೀನಿಂಗ್, ಆಮೇಲೆ ನಾಝಲ್ ಚೆಕ್. ಸ್ವಲ್ಪ ಸುಧಾರಿಸಿದ್ದರೆ ಇನ್ನೊಂದು ಸಲ. ಅಲ್ಲಿಗೆ ನಿಲ್ಲಿಸಿ, ಪ್ರಿಂಟರನ್ನು ಬಟನ್ ಒತ್ತಿ ಆಫ್ ಮಾಡಿ, ರಾತ್ರಿಯಿಡೀ ಬಿಟ್ಟುಬಿಡಿ. ಸುಮ್ನೆ ಹೇಳುತ್ತಿಲ್ಲ, 6 ಗಂಟೆ ಅಥವಾ 12 ಗಂಟೆ ಕಾಯಿರಿ ಅಂತ ಕಂಪನಿಗಳ ಕೈಪಿಡಿಗಳಲ್ಲೇ ಬರೆದಿರುತ್ತದೆ. ಕ್ಲೀನಿಂಗ್‌ನಲ್ಲಿ ಬಂದ ಹೊಸ ಇಂಕು ಒಣಗಿದ ಇಂಕಿನ ಮೇಲೆ ಕೂತು ಅದನ್ನು ನೆನೆಸಿ ಮೆದು ಮಾಡಲು ಹೊತ್ತು ಬೇಕಲ್ವಾ? ಬೆಳಗ್ಗೆ ಇನ್ನೊಂದು ಕ್ಲೀನಿಂಗ್ ಮಾಡಿದಾಗ ಪಟ್ಟನೆ ಬಿಡುವುದು ಅದಕ್ಕೇ.

ಇದನ್ನು ಬಿಟ್ಟು ಒಂದೇ ಸಮನೆ ಎಂಟು ಹತ್ತು ಸಲ ಒತ್ತಿದರೆ ಏನಾಗುತ್ತದೆ? ಬಹಳ ಪ್ರಿಂಟರುಗಳಲ್ಲಿ ಪ್ರತಿ ಸಲವೂ ಪಂಪು ಎಲ್ಲ ಬಣ್ಣದ ಇಂಕನ್ನೂ ಎಳೆದು ಒಳಗಿನ ತ್ಯಾಜ್ಯದ ಪ್ಯಾಡಿಗೆ ಚೆಲ್ಲುತ್ತದೆ. ಕಪ್ಪು ಮಾತ್ರ ಕಟ್ಟಿದ್ದರೂ ಬಣ್ಣಗಳೂ ಖಾಲಿ. ಹೀಟರ್ ಇರುವ ಹೆಡ್‌ಗಳಲ್ಲಿ ಇನ್ನೂ ಒಂದು ಅಪಾಯ ಇದೆ. ಆ ಹೀಟರುಗಳನ್ನು ತಣ್ಣಗಿಡುವುದು ಇಂಕೇ. ಇಂಕು ಬರದ ನಾಝಲ್‌ಗೆ ಪ್ರಿಂಟ್ ಕೊಡುತ್ತಲೇ ಹೋದರೆ ಅದು ಸುಟ್ಟುಹೋಗಬಹುದು, ಹಾಗೆ ಸುಟ್ಟ ನಾಝಲ್ ಯಾವ ಕ್ಲೀನಿಂಗ್‌ಗೂ ಬಗ್ಗುವುದಿಲ್ಲ.

ಕಾರ್ಟ್ರಿಜ್‌ನಲ್ಲೇ ಹೆಡ್ ಇರುವ ಪ್ರಿಂಟರುಗಳಲ್ಲಿ, ಅಂದರೆ ಕಪ್ಪಿಗೊಂದು, ಮೂರು ಬಣ್ಣಕ್ಕೊಂದು ಅಂತ ಎರಡೇ ಕಾರ್ಟ್ರಿಜ್ ಇರುವ ಬಹುತೇಕ ಎಚ್‌ಪಿ, ಕ್ಯಾನನ್ ಮಾದರಿಗಳಲ್ಲಿ, ಕೈಯಲ್ಲೇ ಸ್ವಚ್ಛ ಮಾಡುವುದು ಸುಲಭ. ಕಾರ್ಟ್ರಿಜ್ ಹೊರತೆಗೆದು ತಿರುಗಿಸಿದರೆ ತಳದಲ್ಲಿ ಹೊಳೆಯುವ ತೆಳು ಪಟ್ಟಿ ಕಾಣುತ್ತದೆ. ಅದೇ ನಾಝಲ್ ಫಲಕ. ನೂಲು ಬಿಡದ ಬಟ್ಟೆಯನ್ನು ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಲ್ಲಿ ತೋಯಿಸಿ ಹಿಂಡಿ, ಮಡಚಿಟ್ಟು, ಅದರ ಮೇಲೆ ಕಾರ್ಟ್ರಿಜನ್ನು ಆ ಪಟ್ಟಿ ಕೆಳಗಾಗಿ ಒಂದೆರಡು ನಿಮಿಷ ಕೂರಿಸಿ. ಎತ್ತಿದಾಗ ಬಟ್ಟೆಯ ಮೇಲೆ ಇಂಕಿನ ಗುರುತು ಬಿದ್ದಿರಬೇಕು. ಬಣ್ಣದ ಕಾರ್ಟ್ರಿಜ್ ಆದರೆ ಮೂರು ಬಣ್ಣದ ಗೆರೆಗಳೂ ಪಕ್ಕಪಕ್ಕ ಮೂಡಬೇಕು. ಎರಡೇ ಬಂದರೆ ಮೂರನೆಯದು ಕಟ್ಟಿದೆ ಅಥವಾ ಖಾಲಿಯಾಗಿದೆ. ಉಜ್ಜಬೇಡಿ, ಸುಮ್ನೆ ಒತ್ತಿ ಎತ್ತಿ. ಸೂಜಿ, ಪಿನ್ನು ಹತ್ತಿರ ತರಲೇಬೇಡಿ. ಪಕ್ಕದ ತಾಮ್ರ ಬಣ್ಣದ ಸಂಪರ್ಕ ಬಿಂದುಗಳಿಗೆ ಬೆರಳು ತಗಲಿಸಬೇಡಿ. ಈ ಮಾದರಿಗಳಲ್ಲಿ ಒಂದು ನೆಮ್ಮದಿ ಇದೆ: ಏನೂ ಬಗೆಹರಿಯದಿದ್ದರೆ ಹೊಸ ಕಾರ್ಟ್ರಿಜ್ ಹಾಕಿದರೆ ಹೆಡ್ಡೂ ಹೊಸದೇ.

ಹೆಡ್ ಪ್ರಿಂಟರಿನೊಳಗೇ ಕೂತಿರುವ ಮಾದರಿಗಳಲ್ಲಿ ಅಷ್ಟು ಸಲೀಸಿಲ್ಲ. ವಾರಂಟಿ ಮುಗಿದಿದ್ದರೆ ಮಾತ್ರ, ಹೆಡ್ ಕೂರುವ ರಬ್ಬರ್ ಬಟ್ಟಲಿಗೆ ನಾಲ್ಕಾರು ಹನಿ ಡಿಸ್ಟಿಲ್ಡ್ ನೀರು ಬಿಟ್ಟು, ಹೆಡ್ಡನ್ನು ಅದರ ಮೇಲೆ ಕೂರಿಸಿ ರಾತ್ರಿಯಿಡೀ ಬಿಟ್ಟು ನೋಡಬಹುದು. ಬಟ್ಟಲಿನ ಅಂಚಿಗೆ ಕಟ್ಟಿದ ಗಸಿಯನ್ನೂ ಒದ್ದೆ ಹತ್ತಿಕಡ್ಡಿಯಲ್ಲಿ ಒರೆಸಿ. ಅಂಚು ಕೊಳೆಯಾಗಿದ್ದರೆ ಬಟ್ಟಲು ಹೆಡ್‌ಗೆ ಅಂಟಿ ಕೂರುವುದಿಲ್ಲ, ಪಂಪು ಎಳೆದರೂ ಬರೀ ಗಾಳಿ ಬರುತ್ತದೆ. ಎಷ್ಟು ಕ್ಲೀನಿಂಗ್ ಮಾಡಿದರೂ ಏನೂ ಬದಲಾಗದೆ ಇರುವುದಕ್ಕೆ ಇದು ಬಹಳ ಸಲ ಕಾರಣ, ಆದರೆ ಯಾರೂ ಆ ಕಡೆ ನೋಡುವುದಿಲ್ಲ.

ತುರ್ತಾಗಿ ಒಂದು ಕಾಗದ ಬೇಕು, ಕಪ್ಪು ಮಾತ್ರ ಕೈಕೊಟ್ಟಿದೆ ಅಂದರೆ ಒಂದು ಅಡ್ಡದಾರಿ. ಅಕ್ಷರದ ಬಣ್ಣವನ್ನು ಕಡುನೀಲಿ ಮಾಡಿ ಪ್ರಿಂಟ್ ಕೊಡಿ. ಅಥವಾ ಕಾಗದದ ಬಗೆಯನ್ನು ಫೋಟೋ ಪೇಪರ್ ಅಂತ ಬದಲಿಸಿ. ಅನೇಕ ಪ್ರಿಂಟರುಗಳು ಆಗ ಸಾದಾ ಕಪ್ಪು ಇಂಕನ್ನು ಬಿಟ್ಟು ಬಣ್ಣಗಳನ್ನು ಬೆರೆಸಿ ಕಪ್ಪು ಮಾಡಿಕೊಳ್ಳುತ್ತವೆ.

ಇಂಕಿದೆ, ಆದರೂ ಇಲ್ಲ ಅನ್ನುತ್ತದೆ

ಪರದೆ ತೋರಿಸುವ ಇಂಕಿನ ಮಟ್ಟ ಬಹಳ ಪ್ರಿಂಟರುಗಳಲ್ಲಿ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಇಷ್ಟು ಹನಿ ಹಾರಿಸಿದೆ, ಇಷ್ಟು ಸಲ ಕ್ಲೀನಿಂಗ್ ಮಾಡಿದೆ, ಹಾಗಾದರೆ ಇಷ್ಟು ಉಳಿದಿದೆ ಅಂತ ಕಾರ್ಟ್ರಿಜ್‌ನ ಚಿಪ್ ಲೆಕ್ಕ ಇಡುತ್ತದೆ. ಹಾಗಾಗಿ ಮರುಭರ್ತಿ ಮಾಡಿದ ಕಾರ್ಟ್ರಿಜ್ ಖಾಲಿ ಅಂತ ತೋರಿಸುವುದರಲ್ಲಿ ಅಚ್ಚರಿ ಇಲ್ಲ. ಬಣ್ಣ ಒಂದು ಮುಗಿದರೆ ಕಪ್ಪು ಅಕ್ಷರವನ್ನೂ ಪ್ರಿಂಟ್ ಮಾಡಲು ಒಲ್ಲೆ ಅನ್ನುವ ಮಾದರಿಗಳೂ ಇವೆ. ಸಿಟ್ಟು ಬರುವ ವಿಷಯವೇ, ಆದರೆ ಪ್ರಿಂಟರ್ ಕೆಟ್ಟಿಲ್ಲ, ಅದನ್ನು ಮಾಡಿದ್ದೇ ಹಾಗೆ.

ಕಾರ್ಟ್ರಿಜ್ ಗುರುತು ಸಿಗುತ್ತಿಲ್ಲ ಅನ್ನುವ ಸಂದೇಶ ಬಂದರೆ ತೆಗೆದು, ಚಿಪ್‌ನ ಲೋಹದ ಬಿಂದುಗಳನ್ನು ಒಣ ಮೆದು ಬಟ್ಟೆಯಿಂದ ಮೆಲ್ಲಗೆ ಒರೆಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಬೇರೆ ಕಂಪನಿಯ ಕಾರ್ಟ್ರಿಜ್ ಆಗಿದ್ದರೆ, ನಿನ್ನೆವರೆಗೆ ನಡೆದದ್ದು ಇವತ್ತು ನಿಂತಿದ್ದರೆ, ಫರ್ಮ್‌ವೇರ್ (ಪ್ರಿಂಟರಿನೊಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮೇಲೆ ಅನುಮಾನ ಪಡಬಹುದು. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಮಾದರಿಗಳು ಹೀಗೆ ಬೇರೆಯವರ ಕಾರ್ಟ್ರಿಜ್‌ಗಳನ್ನು ಇದ್ದಕ್ಕಿದ್ದ ಹಾಗೆ ತಿರಸ್ಕರಿಸಿದವು. ಗಲಾಟೆಯಾದ ಮೇಲೆ ಕಂಪನಿ ಆ ತಡೆ ಇಲ್ಲದ ಫರ್ಮ್‌ವೇರನ್ನು ಬೇಕಾದವರಿಗೆ ಕೊಟ್ಟಿತು.

ಕಟಕಟ ಸದ್ದು, ಮತ್ತು ಕೊನೆಯ ಎಚ್ಚರಿಕೆ

ಪ್ರಿಂಟರ್ ಆನ್ ಮಾಡಿದ ಕೂಡಲೇ ಹೆಡ್ ಒಂದು ಬದಿಗೆ ಢಿಕ್ಕಿ ಹೊಡೆದು ನಿಂತುಬಿಡುತ್ತದಾ? ಕಾಗದ ಸಿಕ್ಕಿಲ್ಲದಿದ್ದರೂ ಜಾಮ್ ಅನ್ನುತ್ತದಾ? ಹಾಗಾದರೆ ಮುಚ್ಚಳ ಎತ್ತಿ, ಹೆಡ್ ಓಡಾಡುವ ದಾರಿಯುದ್ದಕ್ಕೂ ಎಳೆದು ಕಟ್ಟಿರುವ ಒಂದು ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯನ್ನು ಹುಡುಕಿ. ಅಗಲ ಒಂದು ಸೆಂಟಿಮೀಟರೂ ಇರುವುದಿಲ್ಲ. ಹತ್ತಿರದಿಂದ ನೋಡಿದರೆ ಬೂದು ಬಣ್ಣದ ಹಾಗೆ ಕಾಣುತ್ತದೆ, ನಿಜವಾಗಿ ಅದರ ಮೇಲೆ ಒತ್ತೊತ್ತಾಗಿ ಕೂದಲೆಳೆಯಂಥ ಗೆರೆಗಳಿವೆ. ಹೆಡ್‌ನ ಬೆನ್ನಿಗಿರುವ ಸೆನ್ಸರ್ ಆ ಗೆರೆಗಳನ್ನು ಎಣಿಸುತ್ತಾ ತಾನೀಗ ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತದೆ. ಅದರ ಮೇಲೆ ಇಂಕಿನ ಮಂಜೋ ಗ್ರೀಸಿನ ಬೆರಳಚ್ಚೋ ಬಿದ್ದರೆ ಎಣಿಕೆ ತಪ್ಪುತ್ತದೆ, ಹೆಡ್ ಕುರುಡಾಗಿ ಗೋಡೆಗೆ ಗುದ್ದುತ್ತದೆ. ಪ್ಲಗ್ ಕಿತ್ತು, ನೀರಲ್ಲಿ ತುಸು ತೇವ ಮಾಡಿದ ಮೆದು ಬಟ್ಟೆಯನ್ನು ಪಟ್ಟಿಯ ಎರಡೂ ಬದಿಗೆ ಹಿಡಿದು, ಒತ್ತದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರಿಸಿ. ಕೊಕ್ಕೆಯಿಂದ ಪಟ್ಟಿ ಕಳಚಿದರೆ ಮತ್ತೆ ಸರಿಯಾಗಿ ಹಾಕುವುದು ತಲೆನೋವು. ಜಾಮ್ ಬಿಡಿಸುವಾಗ ಅವಸರದಲ್ಲಿ ಬೆರಳು ತಗಲುವುದೇ ಈ ಪಟ್ಟಿಗೆ, ಹಾಗಾಗಿ ಕಾಗದ ತೆಗೆದ ಮೇಲೆ ಹೊಸ ತೊಂದರೆ ಶುರುವಾದರೆ ಮೊದಲು ಇಲ್ಲಿ ನೋಡಿ.

ಇನ್ನು ತ್ಯಾಜ್ಯದ ಪ್ಯಾಡ್. ಕ್ಲೀನಿಂಗ್‌ನಲ್ಲಿ ಚೆಲ್ಲಿದ ಇಂಕೆಲ್ಲ ಪ್ರಿಂಟರಿನ ತಳದಲ್ಲಿರುವ ದಪ್ಪ ಫೆಲ್ಟಿನಂಥ ಪ್ಯಾಡಿಗೆ ಹೋಗುತ್ತದೆ ಅಂದೆನಲ್ಲ. ಪ್ರಿಂಟರ್ ಅದನ್ನೂ ಲೆಕ್ಕ ಇಡುತ್ತದೆ. ಲೆಕ್ಕ ಮಿತಿ ಮುಟ್ಟಿದ ದಿನ ಇಂಕ್ ಪ್ಯಾಡ್ ಆಯುಷ್ಯ ಮುಗಿದಿದೆ ಅಂತ ಹೇಳಿ ಕೆಲಸ ನಿಲ್ಲಿಸುತ್ತದೆ. ಪರದೆ ಇಲ್ಲದ ಮಾದರಿಗಳಲ್ಲಿ ದೀಪಗಳು ಒಂದಾದ ಮೇಲೊಂದು ಮಿನುಗುತ್ತವೆ. ಹೊಸ ಮಾದರಿಗಳಲ್ಲಿ ಕೆಲವದರಲ್ಲಿ ಇದು ಮೇಂಟೆನೆನ್ಸ್ ಬಾಕ್ಸ್ ಅನ್ನುವ ಪುಟ್ಟ ಡಬ್ಬಿಯಾಗಿ ಬರುತ್ತದೆ, ನಾವೇ ಎಳೆದು ಹೊಸದು ಹಾಕಬಹುದು. ಉಳಿದವಕ್ಕೆ ಸರ್ವೀಸ್ ಬೇಕು. ಲೆಕ್ಕವನ್ನು ಮಾತ್ರ ಸೊನ್ನೆಗೆ ತರುವ ಸಾಫ್ಟ್‌ವೇರುಗಳು ಸಿಗುತ್ತವೆ, ಐದು ನಿಮಿಷದಲ್ಲಿ ಪ್ರಿಂಟರ್ ಮತ್ತೆ ಓಡುತ್ತದೆ. ಪ್ಯಾಡ್ ಮಾತ್ರ ಹಾಗೇ ತೊಯ್ದು ತೊಟ್ಟಿಕ್ಕುವ ಸ್ಥಿತಿಯಲ್ಲೇ ಇರುತ್ತದೆ. ಪ್ಯಾಡ್ ಬದಲಿಸದೆ ಬರೀ ಲೆಕ್ಕ ಅಳಿಸಿದರೆ ಮುಂದಿನ ಕ್ಲೀನಿಂಗ್‌ಗಳ ಇಂಕು ತಳದಿಂದ ಸೋರಿ ಮೇಜಿಗಿಳಿಯುತ್ತದೆ. ಪ್ಯಾಡನ್ನು ಮೊದಲು ಬದಲಿಸಿ, ಆಮೇಲೆ ಲೆಕ್ಕ ಅಳಿಸಿ.